ಒಂದು ದಿನದ ಮಿಸ್

ಸೆಪ್ಟೆಂಬರ್ 5ರ ಬೆಳಿಗ್ಗೆ ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಯಾವುದಾದರೂ ಹೈಸ್ಕೂಲಿನ ಗೇಟಿನ ಹತ್ತಿರ ಐದು ನಿಮಿಷ ನಿಂತು ನೋಡಿ. ನಿನ್ನೆ ಸಂಜೆಯವರೆಗೆ ಎರಡು ಜಡೆ ಹಾಕಿಕೊಂಡು ಪಾನಿಪುರಿ ಗಾಡಿಗೆ ಮುತ್ತಿಗೆ ಹಾಕುತ್ತಿದ್ದ ಹತ್ತನೇ ಕ್ಲಾಸಿನ ಹುಡುಗಿಯರು ಅಮ್ಮನ ಸೀರೆಯುಟ್ಟು, ನೆರಿಗೆ ಹಿಡಿದುಕೊಂಡು ಮೆಲ್ಲಗೆ ನಡೆದು ಬರುತ್ತಿರುತ್ತಾರೆ. ಹುಡುಗರು ಅಪ್ಪನ ಷರಟನ್ನು ಇನ್‌ಷರ್ಟ್ ಮಾಡಿ, ಇಲ್ಲದ ಹೊಟ್ಟೆಯನ್ನು ಮುಂದಕ್ಕೆ ತಳ್ಳಿಕೊಂಡು ಬರುತ್ತಾರೆ. ಅವತ್ತೊಂದು ದಿನ ಚಿಕ್ಕ ಕ್ಲಾಸುಗಳಿಗೆ ಅವರೇ ಮೇಷ್ಟರು. ಡಾಕ್ಟರಾಗುತ್ತೇನೆ ಎಂದವಳಿಗೆ ಸ್ಟೆತಾಸ್ಕೋಪ್ ಕೊಟ್ಟು ಯಾರೂ ವಾರ್ಡಿಗೆ ಬಿಡುವುದಿಲ್ಲ. ಡ್ರೈವರ್ ಆಗುತ್ತೇನೆ ಎಂದವನಿಗೆ ಬಿಎಂಟಿಸಿ ಸ್ಟೇರಿಂಗ್ ಕೊಡುವುದಿಲ್ಲ. ಮೇಷ್ಟರ ಕೆಲಸವೊಂದನ್ನೇ ಹೈಸ್ಕೂಲಿನಲ್ಲಿರುವಾಗಲೇ ಹೀಗೆ ಉಟ್ಟು ನೋಡಬಹುದು.

ನಾನು ಉಟ್ಟು ನೋಡಿದ್ದು 1995ರಲ್ಲಿ. ಆಸೆ ಹುಟ್ಟಿದ್ದು ಮಾತ್ರ ಅದಕ್ಕೂ ಮೊದಲು. ರಾಧಾಕೃಷ್ಣನ್ ರಾಷ್ಟ್ರಪತಿಯಾದ 1962ರಿಂದ ಅವರ ಹುಟ್ಟುಹಬ್ಬ ಶಿಕ್ಷಕರ ದಿನವಾಯಿತಲ್ಲ, ನಮ್ಮ ಹೆಡ್‌ಮಿಸ್ ಪ್ರತಿವರ್ಷ ಪ್ರೇಯರ್‌ನಲ್ಲಿ ಅವರದೇ ಕಥೆ ಹೇಳುತ್ತಿದ್ದರು. ಅವರು 1918ರಿಂದ ಮೈಸೂರಿನಲ್ಲಿ ಪಾಠ ಮಾಡಿ, 1921ರಲ್ಲಿ ಕಲ್ಕತ್ತಾಗೆ ಹೊರಟಾಗ ಶಿಷ್ಯರು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದರಂತೆ. ಕೇಳಿದಾಗಲೆಲ್ಲ ನನಗೆ ರೋಮಾಂಚನ. ಯಾವ ಇಂಜಿನಿಯರಿನ ಗಾಡಿಯನ್ನು ಯಾರು ಎಳೆದಿದ್ದಾರೆ, ಟೋಯಿಂಗ್‌ನವರನ್ನು ಬಿಟ್ಟು?

ನನ್ನ ಪಾಲಿಗೆ ಬಂದದ್ದು ಆರನೇ ಕ್ಲಾಸು, ಗಣಿತ. ಬೋರ್ಡಿನ ಮೇಲೆ ಅರ್ಧ ಕೂಡಿಸು ಮೂರನೇ ಒಂದು ಎಂದು ಬರೆದೆ. ಮೊದಲ ಬೆಂಚಿನ ಹುಡುಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, “ಐದನೇ ಎರಡು, ಮಿಸ್” ಎಂದ.

“ತಪ್ಪು,” ಎಂದೆ, ನಮ್ಮ ಗಣಿತದ ಮಿಸ್ ದನಿಯಲ್ಲೇ.

“ಯಾಕೆ ತಪ್ಪು ಮಿಸ್?”

ಲ.ಸಾ.ಅ. ತೆಗೆಯುವುದು ನನಗೆ ಬರುತ್ತಿತ್ತು. ‘ಯಾಕೆ’ ಎಂದು ನಮ್ಮ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ನೆರಿಗೆಯ ಪಿನ್ನು ಚುಚ್ಚುತ್ತಿತ್ತು, ನಲವತ್ತು ಜೊತೆ ಕಣ್ಣು ನನ್ನ ಮೇಲೆ. ಕೊನೆಗೆ ಅಯ್ಯಂಗಾರ್ ಬೇಕರಿ ನೆನಪಾಯಿತು. ಒಂದು ದಿಲ್‌ಪಸಂದ್ ಬರೆದು, “ಅರ್ಧ ನೀನು ತಿಂದೆ. ಆಮೇಲೆ ಮೂರನೇ ಒಂದು ಭಾಗವನ್ನೂ ತಿಂದೆ. ಐದನೇ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ. ಎರಡನೇ ಸಲ ತಿಂದಮೇಲೆ ಕಮ್ಮಿ ಆಗತ್ತೇನೋ?” ಎಂದೆ.

“ಬೇಕರಿಯವನು ಮೋಸ ಮಾಡಿದಾನೆ ಮಿಸ್!”

ಕ್ಲಾಸು ಗೊಳ್ಳೆಂದಿತು. ನಾನು ದಿಲ್‌ಪಸಂದನ್ನು ಆರು ತುಂಡು ಮಾಡಿದೆ. ಅರ್ಧ ಅಂದರೆ ಮೂರು, ಮೂರನೇ ಒಂದು ಅಂದರೆ ಎರಡು, ಒಟ್ಟು ಐದು. ಆ ಹುಡುಗ ಬೋರ್ಡನ್ನೇ ನೋಡುತ್ತಾ ನೋಡುತ್ತಾ “ಓ...” ಎಂದು ಉದ್ದಕ್ಕೆ ಎಳೆದ. ಹಿಂದಿನ ಬೆಂಚಿನಿಂದ “ಉಳಿದಿದ್ದು ಒಂದು ಯಾರಿಗೆ?” ಎಂದು ಒಬ್ಬ, “ಮಿಸ್‌ಗೆ ಕಣೋ!” ಎಂದು ಇನ್ನೊಬ್ಬ. ಆಮೇಲೆ ನನಗೆ ಬಂದ ಯಾವ ಇನ್‌ಕ್ರಿಮೆಂಟೂ ಆ ಆರನೇ ತುಂಡಿನಷ್ಟು ರುಚಿಸಿಲ್ಲ.

ಆ ದಿನದ ಫೋಟೋ ನೋಡಿ ಮನೆಯಲ್ಲಿ ಎಲ್ಲರೂ ಹೊಗಳಿದರು. “ಥೇಟ್ ಟೀಚರ್ ಥರಾನೇ ಇದಾಳೆ” ಎಂದು ಅಮ್ಮ ಪಕ್ಕದ ಮನೆಗೂ ತೋರಿಸಿ ಬಂದರು. “ಹಾಗಾದ್ರೆ ಟೀಚರ್ರೇ ಆಗ್ತೀನಿ” ಎಂದದ್ದಷ್ಟೇ, ಒಳಗೆ ಕುಕ್ಕರ್ ಕೂಗಿದ್ದೂ ಕೇಳಿಸುವಷ್ಟು ಮೌನ. ಅಪ್ಪ ಪೇಪರ್ ಮಡಿಸಿದರು. “ನಮ್ಮಪ್ಪ ಮೇಷ್ಟ್ರು. ಊರೆಲ್ಲ ಕೈ ಮುಗೀತಿತ್ತು. ದಿನಸಿ ಅಂಗಡಿ ಶೆಟ್ರೂ ಕೈ ಮುಗಿದೇ ಬಾಕಿ ಕೇಳ್ತಿದ್ರು.”

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಮಾರ್ಕ್ಸ್ ಬಂದು ಉಳಿದ ಆಸೆಯೂ ಕೈಬಿಟ್ಟುಹೋಯಿತು. “ಇಷ್ಟು ಮಾರ್ಕ್ಸ್ ಇಟ್ಕೊಂಡು ಟೀಚರ್ರಾ?” ಎಂದು ವಿಜಯನಗರದ ನಮ್ಮ ಬೀದಿಗೆ ಬೀದಿಯೇ ಕೇಳಿತು. 1994ರಲ್ಲಿ ಶುರುವಾದ ಸಿಇಟಿಯ ಹೊಸ ಬಿಸಿ ಬೇರೆ. ಮಾರ್ಕ್ಸ್ ಕಮ್ಮಿ ಬಂದಿದ್ದರೆ ಕೇಳಿದ್ದು ಸಿಗುತ್ತಿತ್ತು, ಜಾಸ್ತಿ ಬಂದದ್ದಕ್ಕೆ ಇಂಜಿನಿಯರಿಂಗ್ ಸಿಕ್ಕಿತು. ಪದವಿ, ಬಿ.ಎಡ್. ಎರಡನ್ನೂ ಒಟ್ಟಿಗೆ ನಾಲ್ಕು ವರ್ಷದಲ್ಲಿ ಕಲಿಸುವ ಸಂಸ್ಥೆ 1963ರಿಂದಲೇ ಮೈಸೂರಿನಲ್ಲಿತ್ತು. ನಮ್ಮ ಬೀದಿಗೆ ಅದರ ಸುದ್ದಿ ಬರಲಿಲ್ಲ. 2030ರ ಹೊತ್ತಿಗೆ ಶಿಕ್ಷಕರಾಗಲು ಅಂಥ ನಾಲ್ಕು ವರ್ಷದ ಪದವಿಯೇ ಕನಿಷ್ಠ ಅರ್ಹತೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ಪದವಿಗೆ ಸೇರುವವರು ಪಿಯುಸಿ ಮುಗಿಯುತ್ತಲೇ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕು. ನೀತಿಯೇನೋ ಸರಿ, ಪೇಪರ್ ಮಡಿಸುವ ಅಪ್ಪಂದಿರಿಗೆ ಯಾವ ತಿದ್ದುಪಡಿ ತರುತ್ತಾರೋ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ಮಾರ್ಕ್ಸ್ ಕಮ್ಮಿ ಬಂತು. ಮುಂದೆ ಶಿಕ್ಷಕರ ತರಬೇತಿಯ ಟಿಸಿಎಚ್ ಮಾಡಿದಳು. ಪಾಪ, ಬೇರೆ ಏನೂ ಸಿಗದೆ ಮೇಡಂ ಆದಳು ಎಂದು ಎಲ್ಲರೂ ಅಂದುಕೊಂಡರು. ಅವಳಿಗೆ ಮಾರ್ಕ್ಸ್ ಯಾಕೆ ಕಮ್ಮಿಯಾಯಿತು ಎಂದು ಯಾರೂ ಕೇಳಲಿಲ್ಲ. ಪರೀಕ್ಷೆಗೆ ಕೊಟ್ಟ ರಜೆಯಲ್ಲಿ ನಾನು ಬಾಗಿಲು ಹಾಕಿಕೊಂಡು ಓದುತ್ತಿದ್ದೆ. ಅವಳು ರಾಮಮಂದಿರದ ಹತ್ತಿರದ ತನ್ನ ಮನೆಯ ಜಗಲಿಯಲ್ಲಿ, ಫೇಲಾಗುವ ಭಯದಲ್ಲಿದ್ದ ನಾಲ್ಕು ಜನಕ್ಕೆ ಪ್ರಮೇಯ ಹೇಳಿಕೊಡುತ್ತಿದ್ದಳು. ಅರ್ಥವಾಗದವಳಿಗೆ ಅದನ್ನೇ ಮತ್ತೆ ಮೊದಲಿನಿಂದ, ಬೇರೆ ದಾರಿಯಲ್ಲಿ, ಮುಖ ಗಂಟಿಕ್ಕದೆ. ಸೀರೆಯಿಲ್ಲ, ಫೋಟೋ ಇಲ್ಲ, ಚಪ್ಪಾಳೆಯೂ ಇಲ್ಲ. ಹೈಸ್ಕೂಲಿನಲ್ಲಿ ಮೇಷ್ಟರ ಕೆಲಸವನ್ನು ನಿಜವಾಗಿ ಮಾಡಿ ನೋಡಿದವಳು ಅವಳು.

ಮೊನ್ನೆ ಸಂಜೆ ಮೆಟ್ರೋದಲ್ಲಿ ಸಿಕ್ಕಳು. ಮಾಗಡಿ ರೋಡ್ ಸ್ಟೇಷನ್ನಿನಲ್ಲಿ ನೋಟ್‌ಬುಕ್ಕಿನ ಚೀಲ ಹೊತ್ತು ಹತ್ತಿದಳು, ಮನೆ ಈಗ ಕೆಂಗೇರಿಯಲ್ಲಂತೆ.

“ನಿಂದೇನು ಕೆಲಸ ಈಗ?” ಎಂದಳು.

“ಸಾಫ್ಟ್‌ವೇರ್ ಟೆಸ್ಟಿಂಗ್.”

“ಅಂದ್ರೆ?”

“ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕೋದು.”

“ಅದಕ್ಕೆ ಸಂಬಳ ಎಷ್ಟು?” ಹೇಳಿದೆ. ಅವಳು ನಗು ತಡೆಯಲಾರದೆ ಕಂಬಿ ಹಿಡಿದುಕೊಂಡಳು. “ನಾನು ಅದನ್ನೇ ಕೆಂಪು ಪೆನ್ನಲ್ಲಿ ಮಾಡ್ತೀನಿ ಕಣೇ, ಇದರ ಕಾಲು ಭಾಗಕ್ಕೆ! ಸುಮ್ನೆ ಕೂತಿದೀಯಲ್ಲ, ತಗೋ.” ಅರ್ಧ ನೋಟ್‌ಬುಕ್ಕುಗಳೂ ಒಂದು ಪೆನ್ನೂ ನನ್ನ ತೊಡೆಯ ಮೇಲೆ ಬಿದ್ದವು. ಮೊದಲನೆಯದರಲ್ಲೇ ಒಂದು ಲೆಕ್ಕಕ್ಕೆ ಕ್ರಾಸ್ ಹಾಕಿದೆ. ಬಗ್ಗಿ ನೋಡಿದಳು. “ಬರೀ ಕ್ರಾಸ್ ಹಾಕ್ಬೇಡ, ಎಲ್ಲಿ ದಾರಿ ತಪ್ಪಿದ ಅಂತ ಪಕ್ಕದಲ್ಲಿ ಬರಿ. ಅವನು ನಾಳೆ ಕೇಳ್ತಾನೆ.”

ನಾನು ಇಳಿಯಬೇಕಾಗಿದ್ದದ್ದು ವಿಜಯನಗರದಲ್ಲಿ. ಕೆಂಗೇರಿಯಲ್ಲಿ ಹೊರಬರುವಾಗ ಕಾರ್ಡಿನಿಂದ ಹೆಚ್ಚಿಗೆ ದುಡ್ಡು ಕಡಿತವಾಯಿತು. ಟಿಸಿಎಚ್ ಫೀಸು ಕಟ್ಟಿದೆ ಅಂದುಕೊಂಡೆ.