ಪಾಠಕ್ಕೆ ಯಾರ ಹತ್ತಿರ ಹೋಗೋದು?

ಮೈಸೂರಿನ ಹಳೇ ಬಡಾವಣೆಗಳಲ್ಲಿ ಸಂಗೀತದ ಮೇಷ್ಟ್ರ ಮನೆ ಹುಡುಕಲು ವಿಳಾಸ ಬೇಕಿಲ್ಲ. ಸಂಜೆ ಐದರ ಮೇಲೆ ಗೇಟಿನೊಳಗೆ ಚಪ್ಪಲಿಗಳ ರಾಶಿ ಕಂಡು, ಕಿಟಕಿಯಿಂದ ಮಾಯಾಮಾಳವಗೌಳದ ಸರಳೆ ಕೇಳಿಸಿದರೆ ಅದೇ ಮನೆ. ತಲೆನೋವು ಶುರುವಾಗುವುದು ಒಂದೇ ರಸ್ತೆಯಲ್ಲಿ ಅಂಥ ಮೂರು ಮನೆಗಳಿದ್ದಾಗ. ಯಾವ ಗೇಟಿನೊಳಗೆ ನಮ್ಮ ಚಪ್ಪಲಿ ಬಿಡೋಣ?

ನಮ್ಮ ಜನ ಇದಕ್ಕೆ ಮಾಡುವ ವಿಚಾರಣೆ ಹೆಚ್ಚುಕಡಿಮೆ ಗಂಡು ನೋಡಿದ ಹಾಗೇ ಇರುತ್ತದೆ. ವಿದ್ವತ್ ಮುಗಿಸಿದ್ದಾರಾ? ರಾಮನವಮಿಗೆ ಎಲ್ಲೆಲ್ಲಿ ಕಛೇರಿ? ಎಷ್ಟು ವರ್ಷಕ್ಕೆ ಜೂನಿಯರ್ ಪರೀಕ್ಷೆಗೆ ಕಟ್ಟಿಸುತ್ತಾರೆ? ಕೇಳಲಿ, ತಪ್ಪಿಲ್ಲ. ಆದರೆ ಚೆನ್ನಾಗಿ ಹಾಡುವವರೆಲ್ಲ ಚೆನ್ನಾಗಿ ಪಾಠ ಹೇಳುತ್ತಾರೆಂಬ ನಂಬಿಕೆ ಮಾತ್ರ ನನಗಿಲ್ಲ. ಕಛೇರಿಯಲ್ಲಿ ನಮ್ಮನ್ನು ಮರುಳು ಮಾಡುವುದು ಮೇಷ್ಟ್ರ ಶಾರೀರ. ಪಾಠಕ್ಕೆ ಬೇಕಾದ್ದು ಅವರ ಕಿವಿ. ಆ ಕಿವಿ ಎಂಥದ್ದೆಂದು ತಿಳಿಯಬೇಕಾದರೆ ಮೊದಲು ಶಿಷ್ಯರ ಹಾಡು ಕೇಳಬೇಕು. ಅಷ್ಟು ಮಕ್ಕಳೂ ಮೇಷ್ಟ್ರ ಹಾಗೇ ಮೂಗಿನಲ್ಲಿ ಹಾಡಿ, ಮೇಷ್ಟ್ರ ಹಾಗೇ ಕೈ ತಿರುವಿದರೆ, ನಾನಾದರೆ ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ ನಡೆದುಬಿಡುತ್ತೇನೆ.

ಹೀಗನ್ನುವಾಗ ನನಗೆ ನೆನಪಾಗುವವರು ಕುಂದಗೋಳದ ಸವಾಯಿ ಗಂಧರ್ವರು. ಅಬ್ದುಲ್ ಕರೀಂ ಖಾನರ ಶಿಷ್ಯರು, ಮರಾಠಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಅವರಲ್ಲಿ ಕಲಿತ ಮೂವರನ್ನು ಒಬ್ಬರ ಹಿಂದೊಬ್ಬರಂತೆ ಕೇಳಿ ನೋಡಿ. ಗಂಗೂಬಾಯಿ ಹಾನಗಲ್ಲರದು, ಕಣ್ಣು ಮುಚ್ಚಿ ಕೇಳಿದರೆ ಗಂಡಸು ಹಾಡುತ್ತಿದ್ದಾರೇನೋ ಅನ್ನಿಸುವ ದನಿ. ಭೀಮಸೇನ ಜೋಶಿಯವರದು ಸಭಾಂಗಣ ತುಂಬುವ ಕಂಠ. ಫಿರೋಜ್ ದಸ್ತೂರರದು ಮೆದು, ನಯ. ಮೂವರೂ ಕಿರಾಣಾ ಘರಾಣೆಯವರೇ, ಒಬ್ಬರ ದನಿ ಇನ್ನೊಬ್ಬರದರ ಹತ್ತಿರ ಸುಳಿಯುವುದಿಲ್ಲ. ಗಂಗೂಬಾಯಿಯವರ ದನಿ ಮೊದಲಿಂದಲೂ ಹಾಗಿರಲಿಲ್ಲ. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ಅದು ತೆಳುವಾದ ಹೆಣ್ಣುದನಿ. ಗಂಟಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ದಪ್ಪಗಾಯಿತು. ಹೋದ ದನಿಯ ಬೆನ್ನು ಹತ್ತದೆ, ಬಂದ ದನಿಯಲ್ಲೇ ಅವರು ಅಷ್ಟು ದೊಡ್ಡ ಸಂಗೀತ ಕಟ್ಟಿದರು.

ಭೀಮಸೇನರು ಗುರುವನ್ನು ಹುಡುಕಿದ ಕಥೆಯಂತೂ ಗದಗ, ಹುಬ್ಬಳ್ಳಿ ಕಡೆ ಎಲ್ಲರಿಗೂ ಗೊತ್ತು. 1933ರಲ್ಲಿ, ಹನ್ನೊಂದರ ಹುಡುಗ, ಮನೆ ಬಿಟ್ಟು ಗ್ವಾಲಿಯರ್ ಎಂದು, ಇನ್ನೆಲ್ಲೋ ಎಂದು ಅಲೆದು ಜಲಂಧರ ಮುಟ್ಟಿದ. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮ ಕಡೆಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಯಾಕೆ ಬಂದೆ ಎಂದು ವಾಪಸು ಕಳಿಸಿದರು. ಕುಂದಗೋಳ ಗದಗ, ಹುಬ್ಬಳ್ಳಿ ಕಡೆಯದೇ ಊರು! ಅಲ್ಲಿ ಸಿಕ್ಕಿದ್ದೇನು ಅಂದರೆ ಮುಖ್ಯವಾಗಿ ತೋಡಿ, ಮುಲ್ತಾನಿ, ಪೂರಿಯಾ, ಅದೂ ವರ್ಷಗಟ್ಟಲೆ. ತಿಂಗಳಿಗೆ ಎಷ್ಟು ಹಾಡು ಹೇಳಿಕೊಡ್ತೀರಿ ಎಂದು ಫೋನಿನಲ್ಲೇ ಕೇಳುವ ಈಗಿನ ಅಪ್ಪ ಅಮ್ಮಂದಿರು ಆ ಗುರುಗಳ ಮನೆಯಲ್ಲಿ ಒಂದು ವಾರ ನಿಲ್ಲುತ್ತಿದ್ದರೋ ಇಲ್ಲವೋ.

ನಮ್ಮ ಅತ್ತಿಗೆ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸಂಗೀತಕ್ಕೆ ಸೇರುತ್ತೇನೆಂದು ಹೊರಟರು. ಜೊತೆಗೆ ನಾನೂ ಹೋದೆ. ಆ ಟೀಚರ್ ಹಾಡಿ ಎನ್ನಲಿಲ್ಲ. "ಬಸ್ಸಲ್ಲಿ ಬಂದ್ರಾ, ಬಿಸಿಲು ಜೋರಾ" ಎಂದು ಮಾತಿಗೆಳೆದು, ಅತ್ತಿಗೆಯ ಮಾತಿಗೆ ಕಿವಿಗೊಡುತ್ತಲೇ ಶ್ರುತಿಪೆಟ್ಟಿಗೆಯ ಗುಂಡಿ ಆಚೆ ಈಚೆ ತಿರುಗಿಸುತ್ತಿದ್ದರು. ಆಮೇಲೆ ಷಡ್ಜ ಹಿಡಿಸಿದರು. ಐದೂವರೆ ಮನೆಯಲ್ಲಿ ಮೇಲಿನ ಸ ಹತ್ತುವ ಹೊತ್ತಿಗೆ ಅತ್ತಿಗೆಯ ಗದ್ದ ಮೇಲೆದ್ದು ಕುತ್ತಿಗೆಯ ನರ ಉಬ್ಬಿತು.

"ಸಾಕಮ್ಮ, ನಾಲ್ಕೂವರೆಗೆ ಇಳಿಸೋಣ."

"ಹೆಂಗಸರಿಗೆ ಐದೂವರೆ ಅಲ್ವಾ ಮೇಡಂ?"

"ಅದನ್ನ ನಿಮ್ಮ ಗಂಟಲಿಗೆ ಹೇಳಿದವರು ಯಾರು?"

ಅಲ್ಲೇ ಸೇರಿದ್ದಾಯಿತು. ವಯಸ್ಸಾಗುತ್ತ ಹೆಂಗಸರ ದನಿ ಕೊಂಚ ಕೆಳಗಿಳಿಯುತ್ತದೆ. ಗಂಡುಮಕ್ಕಳ ಗಂಟಲು ಒಡೆಯುವ ಕಾಲದಲ್ಲಂತೂ ಕೆಲವೇ ತಿಂಗಳಲ್ಲಿ ಶ್ರುತಿಯೇ ಬದಲಾಗುತ್ತದೆ. ಆಗಲೂ ಹಳೇ ಶ್ರುತಿಯಲ್ಲೇ ಕಿರುಚಿಸುವ, ಗಂಟಲು ನೋವು ಬಂದರೆ ಸಾಧನೆ ಆಗುತ್ತಿದೆ ಎಂದು ಬೆನ್ನು ತಟ್ಟುವ ಮೇಷ್ಟ್ರಿದ್ದಾರೆ. ಅವರಿಗೆ ದೂರದಿಂದಲೇ ನಮಸ್ಕಾರ. ಮೂರು ವಾರ ಕಳೆದರೂ ದನಿ ಕೂತೇ ಇದ್ದರೆ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಬೇಕು. ಕಲ್ಲುಸಕ್ಕರೆ, ಮೆಣಸು ನಾವು ನುಂಗಿದರೆ ಅನ್ನನಾಳಕ್ಕೆ ಹೋಗುತ್ತವೆಯೇ ಹೊರತು, ಶ್ವಾಸನಾಳದ ಬಾಯಲ್ಲಿ ಕೂತಿರುವ ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ರುಚಿಗೆ ಚಪ್ಪರಿಸಬಹುದು.

ಕಲಿಯದೇ ಹಾಡಿದವರಿಲ್ಲವೇ ಎಂದು ಕೇಳುವವರು ಇದ್ದೇ ಇದ್ದಾರೆ. ಇದ್ದಾರಪ್ಪ. ಶಾಸ್ತ್ರೀಯವಾಗಿ ಪಾಠವಾಗದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಪಂಚಾಕ್ಷರಿ ಗವಾಯಿಗಳ ಮೇಲಿನ 1995ರ ಕನ್ನಡ ಸಿನಿಮಾಕ್ಕೆ ಹಿಂದೂಸ್ತಾನಿ ಹಾಡು ಹಾಡಿ ರಾಷ್ಟ್ರಪ್ರಶಸ್ತಿ ತಗೊಂಡರು. ಅಂಥ ಕಿವಿ ಹುಟ್ಟುತ್ತಲೇ ಬಂದಿದ್ದರೆ ಯಾವ ಗೇಟಿನ ಮುಂದೂ ನಿಲ್ಲಬೇಕಾಗಿಲ್ಲ.

ಈಗ ಆನ್‌ಲೈನ್ ಪಾಠ ಬಂದಿದೆ. ನ್ಯೂಜೆರ್ಸಿಯ ಕನ್ನಡದ ಮಗು ಬೆಳಗಿನ ಹಾಲು ಕುಡಿದು, ಇಲ್ಲಿ ಸಂಜೆಯಾದ ಮೇಷ್ಟ್ರ ಮುಂದೆ ಜಂಟಿ ವರಸೆ ಹೇಳುತ್ತದೆ. ಇಬ್ಬರೂ ಕೂಡಿ ಹಾಡುವ ಹಾಗಿಲ್ಲ. ದನಿ ತಲುಪುವಷ್ಟರಲ್ಲಿ ತಾಳ ಹಿಂದೆ ಬಿದ್ದಿರುತ್ತದೆ. ಇನ್ನೊಂದು ತಮಾಷೆಯೆಂದರೆ, ಗದ್ದಲ ತೆಗೆಯುವ ಸೌಲಭ್ಯ ತಂಬೂರಿಯನ್ನೇ ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತದೆ, ಅದನ್ನು ನೆನಪಿಟ್ಟು ಆಫ್ ಮಾಡಬೇಕು. ಬುದ್ಧಿವಂತ ಮೇಷ್ಟ್ರು ಪಾಠವನ್ನು ರೆಕಾರ್ಡ್ ಮಾಡಿ ಕಳಿಸಲು ಹೇಳಿ, ಪುರುಸೊತ್ತಾಗಿ ಕೂತು ಕೇಳಿ, ಎರಡನೇ ಸಾಲಿನ ನಿಷಾದ ಇಳಿದಿದೆ ನೋಡು ಎಂದು ತಿದ್ದುತ್ತಾರೆ. ಅಷ್ಟು ಕೇಳಿಸಿಕೊಳ್ಳುವವರು ಸಿಕ್ಕಿ, ಫೀಸು ಪಕ್ಕದ ಮನೆಯವರಿಗಿಂತ ತುಸು ಜಾಸ್ತಿ ಹೇಳಿದರೆ, ಚೌಕಾಸಿ ಮಾಡದೆ ಕೊಟ್ಟುಬಿಡಿ.