ಫಿಲ್ಮಿನ ಪಟವೂ ಡಿಜಿಟಲ್ ಪಟವೂ

ತನಗೆ ಪ್ರಿಯರಾದವರ ಮುಖವನ್ನು ಕಣ್ಣ ಮುಂದೆ ಇರಿಸಿಕೊಳ್ಳಬೇಕೆಂದು ಮನುಷ್ಯನು ಬಯಸುವುದು ಸಹಜವೇ ಸರಿ. ಪೂರ್ವಕಾಲದಲ್ಲಿ ಚಿತ್ರಗಾರರ ಕುಂಚವು ಈ ಬಯಕೆಯನ್ನು ಸಿರಿವಂತರಿಗೆ ಮಾತ್ರ ಪೂರೈಸುತ್ತಿತ್ತು. 1839ರಲ್ಲಿ ಛಾಯಾಚಿತ್ರಕಲೆಯು ಲೋಕಕ್ಕೆ ಪ್ರಕಟವಾದ ಮೇಲೆ ಕ್ರಮೇಣ ಬಡವರಿಗೂ ಆ ಭಾಗ್ಯವು ದೊರೆಯಿತು. ಈಗಲಾದರೋ ಮನೆಮನೆಯಲ್ಲಿಯೂ ಮೊಬೈಲು ಉಂಟು. ಮೊಬೈಲಿನಲ್ಲಿ ಕ್ಯಾಮರಾವೂ ಉಂಟು. ಹೀಗಿದ್ದರೂ ಫಿಲ್ಮಿನ ಹಳೆಯ ಕ್ಯಾಮರಾವನ್ನು ಹುಡುಕಿಕೊಂಡು ಹೋಗುವವರು, ಅದರಲ್ಲಿಯೂ ಎಳೆಯ ಪ್ರಾಯದವರು, ಹಲವರಿದ್ದಾರೆ. ಜಪಾನಿನ ಪೆಂಟಾಕ್ಸ್ ಎಂಬ ಹೆಸರಿನಲ್ಲಿ 2024ರಲ್ಲಿ ಹೊಚ್ಚ ಹೊಸ ಫಿಲ್ಮ್ ಕ್ಯಾಮರಾವೊಂದು ಮಾರಾಟಕ್ಕೆ ಬಂದಿತು. ಇದಕ್ಕೆ ಕಾರಣವೇನು? ಇದು ಹಳೆಯದರ ಮೇಲಣ ಬರಿಯ ಮೋಹವೋ, ಅಥವಾ ಇದರಲ್ಲಿ ನಮ್ಮ ಮನೆಗಳೂ ಶಾಲೆಗಳೂ ಗಮನಿಸತಕ್ಕ ಸಾರವೇನಾದರೂ ಉಂಟೋ? ಕೆಲವು ವರ್ಷಗಳಿಂದ ಎರಡು ವಿಧದ ಕ್ಯಾಮರಾಗಳನ್ನೂ ಬಳಸುತ್ತಿರುವ ನಾವು ನಮ್ಮ ಅನುಭವಕ್ಕೆ ಬಂದುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಹೆತ್ತವರ ಮುಂದೆ ಇಡಲು ಬಯಸುತ್ತೇವೆ.

ಮೊದಲು ಎರಡರ ರೀತಿಯನ್ನೂ ತಿಳಿಯುವುದು ಯುಕ್ತ. ಫಿಲ್ಮ್ ಎಂಬುದು ಒಂದು ಪಾರದರ್ಶಕವಾದ ಪಟ್ಟಿ. ಅದರ ಮೇಲೆ ಜೆಲಾಟಿನ್ ಎಂಬ ಅಂಟಿನೊಳಗೆ ಬೆಳ್ಳಿಯ ಲವಣದ ಅತಿ ಸೂಕ್ಷ್ಮವಾದ ಹರಳುಗಳನ್ನು ಕೂಡಿಸಿ ಲೇಪಿಸಿರುತ್ತಾರೆ. ಕ್ಯಾಮರಾದ ಕಿಂಡಿಯು ಕ್ಷಣಮಾತ್ರ ತೆರೆದಾಗ ಬೆಳಕು ತಗಲಿದ ಹರಳುಗಳಲ್ಲಿ ಒಂದು ಮಾರ್ಪಾಡು ಆಗುವುದು. ಆದರೆ ಅದು ಕಣ್ಣಿಗೆ ಕಾಣದು. ಕತ್ತಲೆಯಲ್ಲಿ ಆ ಪಟ್ಟಿಯನ್ನು ಡೆವಲಪರ್ ಎಂಬ ದ್ರವದಲ್ಲಿ ಅದ್ದಿದಾಗ ಬೆಳಕು ಕಂಡ ಹರಳುಗಳು ಕಪ್ಪು ಬಣ್ಣದ ಬೆಳ್ಳಿಯಾಗುವುವು. ಬಳಿಕ ಹೈಪೋ ಎಂಬ ದ್ರವವು ಬೆಳಕು ಕಾಣದೆ ಉಳಿದವುಗಳನ್ನು ಕರಗಿಸಿಬಿಡುವುದು. ಹೀಗೆ ಬಿಳಿಯದು ಕಪ್ಪಾಗಿಯೂ ಕಪ್ಪಾದುದು ಬಿಳಿಯಾಗಿಯೂ ತೋರುವ ಕಪ್ಪು-ಬಿಳುಪಿನ ನೆಗೆಟಿವ್ ಸಿದ್ಧವಾಗುವುದು. ಡಿಜಿಟಲ್ ಕ್ಯಾಮರಾದಲ್ಲಿ ಇದಾವುದೂ ಇಲ್ಲ. ಅದು ಬೆಳಕನ್ನು ಅಳೆದು ಅಂಕಿಗಳಾಗಿ ಬರೆದುಕೊಳ್ಳುವುದು. 1975ರಲ್ಲಿ ಅಮೇರಿಕದ ಕೊಡಾಕ್ ಕಂಪೆನಿಯ ಇಂಜಿನಿಯರರಾದ ಸ್ಟೀವನ್ ಸ್ಯಾಸನ್ ಎಂಬವರು ಇಂಥ ಕ್ಯಾಮರಾವೊಂದನ್ನು ರಚಿಸಿದರು. ಒಂದೇ ಒಂದು ಪಟವನ್ನು ಕ್ಯಾಸೆಟ್ಟಿನಲ್ಲಿ ಬರೆಯಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ಇಂದು ರೆಪ್ಪೆ ಬಡಿಯುವಷ್ಟರಲ್ಲಿ ಹತ್ತು ಪಟಗಳು ಬೀಳುವುವು. ಒಂದಕ್ಕೂ ಕಾಸು ಖರ್ಚಿಲ್ಲ.

ಫಿಲ್ಮಿಗಾದರೋ ಮಿತಿಯುಂಟು. ನಮ್ಮ ಬಾಲ್ಯದಲ್ಲಿ ಅನೇಕ ಮನೆಗಳಲ್ಲಿದ್ದ ಅಗ್ಫಾ ಕ್ಲಿಕ್ ಥ್ರೀ ಕ್ಯಾಮರಾದಲ್ಲಿ ಒಂದು ರೀಲಿಗೆ 12 ಪಟಗಳು ಮಾತ್ರ ಬರುತ್ತಿದ್ದವು. ಮುಂದೆ ಬಂದ 35 ಮಿಲಿಮೀಟರಿನ ದೊಡ್ಡ ರೀಲಿನಲ್ಲಿಯೂ 36ಕ್ಕೆ ಮುಗಿಯಿತು. ನಾವು 1970ರ ದಶಕದಲ್ಲಿ ಶಾಲೆಯಲ್ಲಿದ್ದಾಗ ವರ್ಷಕ್ಕೊಮ್ಮೆ ತರಗತಿಯ ಗ್ರೂಪ್ ಫೋಟೋ ತೆಗೆಯುವ ದಿನವು ಹಬ್ಬದಂತಿತ್ತು. ಹಿಂದಿನ ರಾತ್ರಿಯೇ ಲಂಗ ರವಿಕೆಗಳನ್ನು ಇಸ್ತ್ರಿ ಮಾಡಿ ಮಡಿಸಿಡುತ್ತಿದ್ದೆವು. ಗಿಡ್ಡರು ಚಾಪೆಯ ಮೇಲೆ, ಉಪಾಧ್ಯಾಯಿನಿಯರು ಕುರ್ಚಿಗಳ ಮೇಲೆ, ಎತ್ತರದವರು ಹಿಂದಿನ ಬೆಂಚಿನ ಮೇಲೆ. ಛಾಯಾಗ್ರಾಹಕರು ಕರಿಯ ಬಟ್ಟೆಯೊಳಗೆ ತಲೆ ಹೊಗಿಸಿ, ಹೊರಗೆ ಬಂದು, ಒಬ್ಬಳ ಜಡೆಯನ್ನೂ ಇನ್ನೊಬ್ಬಳ ಕತ್ತನ್ನೂ ಸರಿಮಾಡಿಸಿ, ಅನಂತರವೇ ಕೈಯೆತ್ತುತ್ತಿದ್ದರು. ಎರಡನೆಯ ಸಾರಿ ತೆಗೆಯುವ ಮಾತು ಬಹುತರ ಇರುತ್ತಿರಲಿಲ್ಲ. ಆದುದರಿಂದಲೇ ನಲವತ್ತು ಮಂದಿ ಹುಡುಗಿಯರು ಒಂದು ಕ್ಷಣ ಉಸಿರು ಹಿಡಿದು ಒಂದೇ ಕಡೆಗೆ ನೋಡಿದೆವು. ಆ ಪಟವನ್ನು ಇಂದು ತೆಗೆದು ನೋಡುವಾಗ ನಮ್ಮ ಕಣ್ಣಿಗೆ ಬೀಳುವುದು ಆ ಏಕಾಗ್ರತೆಯೇ.

ಫಿಲ್ಮಿನ ಸೊಬಗು ಬಣ್ಣದಲ್ಲಿದೆಯೆಂದು ಕೆಲವರು, ಅದರ ಮೃದುವಾದ ಕಣಕಣದ ಛಾಯೆಯಲ್ಲಿದೆಯೆಂದು ಕೆಲವರು ಹೇಳುವರು. ಅದು ಸುಳ್ಳಲ್ಲ. ಆದರೆ ಅಂಥ ಛಾಯೆಯನ್ನು ಕಂಪ್ಯೂಟರು ಸಹ ಅನುಕರಿಸಬಲ್ಲದು. ನಮ್ಮ ಅಭಿಪ್ರಾಯದಲ್ಲಿ ಮಿತಿಯೇ ಅದರ ಸೊಬಗು. ಮೊಬೈಲಿನಲ್ಲಿ ನಾವು ಮೊದಲು ತೆಗೆದು ಆಮೇಲೆ ನೋಡುತ್ತೇವೆ. ಫಿಲ್ಮಿನಲ್ಲಿ ಮೊದಲು ನೋಡಿ ಆಮೇಲೆ ತೆಗೆಯುತ್ತೇವೆ. ಬೆಳಕು ಯಾವ ಕಡೆಯಿಂದ ಬರುತ್ತದೆ, ಮುಖದ ಮೇಲೆ ನೆರಳು ಬಿದ್ದಿದೆಯೋ, ಎದುರಿಗಿರುವವರು ಸಮಾಧಾನದಿಂದ ಇದ್ದಾರೋ ಎಂದು ವಿಚಾರಿಸದೆ ಬೆರಳು ಮುಂದಕ್ಕೆ ಹೋಗದು. ಏಳು ವರ್ಷದ ನಮ್ಮ ಮೊಮ್ಮಗಳು ಫಿಲ್ಮ್ ಕ್ಯಾಮರಾದಲ್ಲಿ ಮೊದಲನೆಯ ಪಟ ತೆಗೆದ ಕೂಡಲೆ ಅದನ್ನು ತಿರುಗಿಸಿ, “ಅಜ್ಜೀ, ಪಟ ಎಲ್ಲಿ?” ಎಂದು ಕೇಳಿದಳು. ಒಳಗೆ ಇದೆ, ತೊಳೆಸುವ ತನಕ ಕಾಯಬೇಕು ಎಂದೆವು. ಅವಳಿಗೆ ಅದು ಸೋಜಿಗವಾಯಿತು. ಅಂದಿನಿಂದ ಅವಳು ಒಂದು ಪಟಕ್ಕಾಗಿ ಅಂಗಳದಲ್ಲಿ ಕಾಲು ಗಂಟೆ ಸುತ್ತುವುದನ್ನು ನೋಡುತ್ತಿದ್ದೇವೆ. ಮೊಬೈಲು ಕೊಟ್ಟರೆ ಅಷ್ಟೇ ಹೊತ್ತಿನಲ್ಲಿ ನೂರು ಪಟ ತೆಗೆದು ಒಂದನ್ನೂ ನೆನಪಿಡುವುದಿಲ್ಲ.

ಆದರೆ ಈ ಕಾಯುವಿಕೆಗೆ ಬೆಲೆಯುಂಟು. ನಮಗೆ ಗಣಿತವನ್ನು ಕಲಿಸಿದ ಉಪಾಧ್ಯಾಯಿನಿಯೊಬ್ಬರನ್ನು ಅವರ ತೊಂಬತ್ತನೆಯ ಪ್ರಾಯದಲ್ಲಿ ಕಾಣಲು ಹೋಗಿದ್ದೆವು. ಕಿಟಕಿಯ ಬಳಿ ಕುಳ್ಳಿರಿಸಿ ಒಂದು ಪಟ ತೆಗೆದೆವು. “ಹೇಗೆ ಬಂದಿದೆ, ತೋರಿಸು ಮಗಾ” ಎಂದರು. ರೀಲು ಮುಗಿಯಬೇಕು ಟೀಚರ್ ಎಂದೆವು. “ಹಾಗಾದರೆ ಬೇಗ ಮುಗಿಸು” ಎಂದು ನಕ್ಕರು. ರೀಲಿನಲ್ಲಿ ಇನ್ನೂ 20 ಪಟಗಳು ಉಳಿದಿದ್ದವು. ನಮ್ಮ ಊರಿನಲ್ಲಿ ಫಿಲ್ಮ್ ತೊಳೆಯುವವರು ಈಗ ಇಲ್ಲ; ಬೆಂಗಳೂರಿಗೆ ಅಂಚೆಯಲ್ಲಿ ಕಳುಹಿಸಬೇಕು. ಪಟವು ಕೈಗೆ ಬರುವಷ್ಟರಲ್ಲಿ ಅವರು ತೀರಿಕೊಂಡು ಒಂಬತ್ತು ದಿನಗಳಾಗಿದ್ದವು. ಆ ಪಟದಂಥ ಪಟವು ಅವರ ಮನೆಯವರಲ್ಲಿ ಇನ್ನೊಂದಿಲ್ಲ. ಅದನ್ನೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದ್ದಾರೆ. ಆದರೆ ಅವರೇ ಅದನ್ನು ನೋಡಲಿಲ್ಲ. ಮೊಬೈಲಿನಲ್ಲಿ ತೆಗೆದಿದ್ದರೆ ಆ ಗಳಿಗೆಯಲ್ಲಿಯೇ ನೋಡಿ ಸಂತೋಷಪಡುತ್ತಿದ್ದರು. ಫಿಲ್ಮನ್ನು ಹೊಗಳುವವರು ಈ ಮಾತನ್ನು ಮರೆಮಾಚಬಾರದು.

ಕಾಯುವ ಶಕ್ತಿಯೇ ಒಮ್ಮೊಮ್ಮೆ ಅದ್ಭುತವನ್ನು ಮಾಡುವುದೂ ಉಂಟು. 1897ರಲ್ಲಿ ಸ್ವೀಡನ್ ದೇಶದ ಆಂದ್ರೆ ಎಂಬವರು ಇಬ್ಬರು ಸಂಗಡಿಗರೊಡನೆ ಬೆಲೂನಿನಲ್ಲಿ ಉತ್ತರಧ್ರುವಕ್ಕೆ ಹೊರಟು ಹಿಮದಲ್ಲಿ ಕಾಣೆಯಾದರು. 33 ವರ್ಷಗಳ ತರುವಾಯ, 1930ರಲ್ಲಿ, ಅವರ ಅಸ್ಥಿಗಳೊಡನೆ ಫಿಲ್ಮ್‌ಗಳು ಸಹ ಒಂದು ದ್ವೀಪದಲ್ಲಿ ದೊರೆತವು. ಅವುಗಳಲ್ಲಿದ್ದ ಸುಮಾರು 240 ಪಟಗಳಲ್ಲಿ 93ನ್ನು ಉಳಿಸಲು ಸಾಧ್ಯವಾಯಿತು. ಬಿದ್ದ ಬೆಲೂನಿನ ಪಕ್ಕದಲ್ಲಿ ನಿಂತ ಆ ಮನುಷ್ಯರನ್ನು ಲೋಕವು ಅಂದು ಕಂಡಿತು. ಕಾಣದ ಬಿಂಬವು ಅಷ್ಟು ಕಾಲ ಹಿಮದೊಳಗೆ ತನ್ನ ಸರದಿಗಾಗಿ ಕಾದಿತ್ತು.

ಫಿಲ್ಮಿನ ಇತರ ಕುಂದುಗಳನ್ನೂ ಹೇಳತಕ್ಕದ್ದು. ಬಣ್ಣದ ಫಿಲ್ಮುಗಳನ್ನು ಬಹುಕಾಲ ಬಿಳಿಯ ಮೈಬಣ್ಣಕ್ಕೆ ಹೊಂದಿಸಿಯೇ ತಯಾರಿಸುತ್ತಿದ್ದರು. ಕೊಡಾಕ್ ಕಂಪೆನಿಯು ಬಣ್ಣವನ್ನು ಸರಿನೋಡಲು ಅಂಗಡಿಗಳಿಗೆ ಕಳುಹಿಸುತ್ತಿದ್ದ ಮಾದರಿ ಪಟದಲ್ಲಿ ಬಿಳಿಯ ಸ್ತ್ರೀಯೇ ಇರುತ್ತಿದ್ದಳು. ಹೀಗಾಗಿ ಕಪ್ಪು ಬಣ್ಣದ ಮುಖಗಳು ನೆರಳಿನಲ್ಲಿ ಅಡಗಿಹೋಗುತ್ತಿದ್ದವು. ನಮ್ಮ ಸ್ಟುಡಿಯೋಗಳಲ್ಲಿ ಹುಡುಗಿಯರ ಮುಖವನ್ನು ಬೆಳ್ಳಗೆ ಮಾಡಲು ನೆಗೆಟಿವಿನ ಮೇಲೆ ಪೆನ್ಸಿಲು ಆಡಿಸುವ ಪದ್ಧತಿಯೂ ಇತ್ತು. ಇಂದು ಎಷ್ಟೋ ಮೊಬೈಲುಗಳು ಕೇಳದೆಯೇ ಅದೇ ಕೆಲಸವನ್ನು ಮಾಡುತ್ತವೆ: ಚರ್ಮವನ್ನು ನುಣುಪಾಗಿಸುತ್ತವೆ, ಬಣ್ಣವನ್ನು ತಿಳಿಗೊಳಿಸುತ್ತವೆ. ತಾಯಂದಿರೇ, ಮಗಳು ತನ್ನ ನಿಜವಾದ ಮುಖವನ್ನು ಕಂಡು ನಾಚುವಂತಾದರೆ ಅದು ಯಾವ ಕ್ಯಾಮರಾದಿಂದಾದರೂ ಕೆಡುಕೇ ಅಲ್ಲವೇ?

ಇನ್ನು ಖರ್ಚಿನ ಮಾತು. ಬಣ್ಣದ ಒಂದು ರೀಲನ್ನು ಕೊಂಡು, ತೊಳೆಸಿ, ಪ್ರಿಂಟ್ ಹಾಕಿಸುವುದು ಸಾವಿರ ರೂಪಾಯಿಯೊಳಗೆ ಮುಗಿಯುವುದು ಅಪರೂಪ. ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾಗಿ ‘ಇಂದು’ ಎಂಬ ಹೆಸರಿನ ಫಿಲ್ಮ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ಮುಚ್ಚಿಹೋಯಿತು. ಆದಕಾರಣ ಎಲ್ಲರೂ ಫಿಲ್ಮಿಗೆ ಮರಳಬೇಕೆಂದು ನಾವು ಹೇಳುವುದಿಲ್ಲ. ದೂರದೇಶದಲ್ಲಿರುವ ಮಗಳು ತನ್ನ ಕೂಸಿನ ಮುಖವನ್ನು ಅದೇ ದಿನ ಅಜ್ಜಿಗೆ ತೋರಿಸುವುದು ಸಣ್ಣ ಉಪಕಾರವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು ಸಂಗ್ರಹಿಸಿದ ಹಳೆಯ ಪಟಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಪಾನವಾಗಿ ಉಳಿದಿವೆ. ಅವನ್ನು ನಾವು ಇಂದು ಮನೆಯಲ್ಲಿ ಕುಳಿತು ನೋಡುವಂತಾದುದು ಡಿಜಿಟಲ್ ವಿದ್ಯೆಯಿಂದಲೇ. ಒಂದು ಕಾಪಾಡಿತು, ಇನ್ನೊಂದು ಹಂಚಿತು.

ಆದರೆ ಹಳೆಯ ಪಟಗಳಲ್ಲಿ ನಮ್ಮ ಮನಸ್ಸನ್ನು ನೋಯಿಸುವುದೊಂದುಂಟು. ಎಷ್ಟೋ ಪಟಗಳಲ್ಲಿರುವ ಹೆಣ್ಣುಮಕ್ಕಳಿಗೆ ಹೆಸರೇ ಇಲ್ಲ. ಹಿಂದುಸ್ಥಾನದ ಮೊದಲನೆಯ ಸ್ತ್ರೀ ಪತ್ರಿಕಾ ಛಾಯಾಗ್ರಾಹಕಿಯೆಂದು ಪ್ರಖ್ಯಾತರಾದ, 2012ರಲ್ಲಿ ತೀರಿಕೊಂಡ ಹೋಮಾಯ್ ವ್ಯಾರಾವಾಲಾ ಅವರ ಆರಂಭದ ಪಟಗಳು ಸಹ ಅವರ ಪತಿಯ ಹೆಸರಿನಲ್ಲಿ ಅಚ್ಚಾಗಿದ್ದವು. ತೆಗೆದವಳ ಹೆಸರೂ ಪಟದಲ್ಲಿದ್ದವಳ ಹೆಸರೂ ಅಳಿದರೆ ಬೆಳ್ಳಿ ಉಳಿದು ಪ್ರಯೋಜನವೇನು? ಮೊಬೈಲಿನಲ್ಲಿ ಸಾವಿರಾರು ಪಟಗಳ ರಾಶಿಯೊಳಗೆ ಮುಖಗಳು ಇನ್ನೂ ಬೇಗನೆ ಅನಾಮಧೇಯವಾಗುವುವು. ಮೊಬೈಲು ನೀರಿಗೆ ಬಿದ್ದರೆ ರಾಶಿಯೂ ಇಲ್ಲವಾದೀತು.

ಆದುದರಿಂದ ಫಿಲ್ಮಿನಿಂದ ಕಲಿಯತಕ್ಕ ಪಾಠವನ್ನು ಮೊಬೈಲಿನ ಮನೆಯಲ್ಲಿಯೂ ನಡೆಸಬಹುದು. ವರ್ಷಕ್ಕೆ 36 ಪಟಗಳನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿರಿ. ಪ್ರತಿಯೊಂದರ ಬೆನ್ನ ಮೇಲೆ ಹೆಸರು, ಊರು, ವರ್ಷಗಳನ್ನು ಪೆನ್ಸಿಲಿನಿಂದ ಬರೆಯಿರಿ. ಹಳೆಯ ನೆಗೆಟಿವುಗಳಿದ್ದರೆ ಎಸೆಯದಿರಿ. ನಮ್ಮ ಮಳೆಗಾಲದ ತೇವದಲ್ಲಿ ಅವಕ್ಕೆ ಬೂಷ್ಟು ಹಿಡಿಯುವುದರಿಂದ ಕಾಗದದ ಲಕೋಟೆಯಲ್ಲಿಟ್ಟು ಒಣಗಿದ ಜಾಗದಲ್ಲಿ ಇರಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಪೆಟ್ಟಿಗೆಗಳಲ್ಲಿರುವ ತರಗತಿಯ ಪಟಗಳನ್ನು ಒಮ್ಮೆ ಹೊರಗೆ ತೆಗೆಯಿರಿ. ನಿಂತವರು ಯಾರು, ಕುಳಿತವರು ಯಾರು ಎಂಬುದನ್ನು ಎಡದಿಂದ ಬಲಕ್ಕೆ, ನೆನಪಿರುವಾಗಲೇ, ಬರೆದಿಡಿರಿ. ಒಂದು ಹೆಸರು ನಿಮಗೆ ತಿಳಿಯದಿದ್ದರೆ ಗೆಳತಿಯನ್ನು ಕೇಳಿರಿ, ಅವಳಿಗೆ ತಿಳಿದೀತು. ಅಂಥ ಒಂದೊಂದು ಪಟವೂ ನಮ್ಮ ಮೊಮ್ಮಕ್ಕಳ ಕಾಲದಲ್ಲಿ ತಾನಾಗಿ ಮಾತಾಡುವಂತಾಗಲಿ ಎಂದು ಹಾರೈಸುತ್ತೇವೆ.