ಮಾಲು ಬಂತಾ?

ನಮ್ಮ ಮನೆಯಲ್ಲಿ ‘ಮಾಲು’ ಎಂದರೆ ತುಂಬಾ ವರ್ಷ ಅಂಗಡಿ ಸಾಮಾನು ಅಂತಲೇ ಅರ್ಥ. ‘ಮಾಲು ಬಂತಾ?’ ಅಂತ ಅಪ್ಪ ಕೇಳಿದರೆ ಬಂದರಿನ ಹೋಲ್‌ಸೇಲ್ ಅಂಗಡಿಯಿಂದ ಟೆಂಪೊ ಬಂತಾ ಎಂದು ತಿಳಿಯಬೇಕು. ಹಾಗಾಗಿ ಭಾರತ್ ಮಾಲ್ ಶುರುವಾದಾಗ ನಾನು ‘ಬಿಜೈಗೆ ಮಾಲ್ ಬಂದಿದೆ’ ಅಂದದ್ದಕ್ಕೆ ಅಪ್ಪ ‘ಯಾರ ಅಂಗಡಿಗೆ?’ ಅಂತ ಕೇಳಿದ್ದರು. (ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.)

ಅಪ್ಪನದು ಕಂಕನಾಡಿಯಲ್ಲಿ ಸಣ್ಣ ಜೀನಸು ಅಂಗಡಿ. ಒಂದು ಕಡೆ ಮಾರ್ಕೆಟ್, ಇನ್ನೊಂದು ಕಡೆ ಫಾದರ್ ಮುಲ್ಲರ್ ಆಸ್ಪತ್ರೆ. ಮಾರ್ಕೆಟಿಗೆ ಮೀನು, ತರಕಾರಿಗೆ ಬಂದವರು ಹೋಗುವಾಗ ನಮ್ಮಲ್ಲಿ ಒಣಮೆಣಸು, ಬೆಲ್ಲ, ತೆಂಗಿನೆಣ್ಣೆ ತೆಗೆದುಕೊಳ್ಳುತ್ತಿದ್ದರು. ಆದರೆ ಅಂಗಡಿಯ ನಿಜವಾದ ಜೀವ ಇದ್ದದ್ದು ಆಸ್ಪತ್ರೆಯಲ್ಲಿ. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದ ಜಾಗ ಅದು. ಈಗ ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜು ಎಲ್ಲ ಉಂಟು. ಕಾಸರಗೋಡಿನಿಂದ, ಘಟ್ಟದ ಮೇಲಿನಿಂದ ಗಡಿಬಿಡಿಯಲ್ಲಿ ರೋಗಿಯನ್ನು ಕರೆದುಕೊಂಡು ಬಂದವರಿಗೆ ಅರ್ಧ ಸಾಮಾನು ಮರೆತಿರುತ್ತದೆ. ಫ್ಲಾಸ್ಕ್, ಲೋಟ, ಚಾಪೆ, ಬಕೆಟ್, ಸೋಪು, ರಸ್ಕು. ಅಪ್ಪ ಇದನ್ನೆಲ್ಲ ಎದುರಿನ ಸಾಲಲ್ಲೇ ಇಟ್ಟಿದ್ದರು. ಬಂದವರ ಮುಖ ನೋಡಿಯೇ ‘ಅಡ್ಮಿಟಾ?’ ಅಂತ ಕೇಳಿ ಒಂದೊಂದಾಗಿ ತೆಗೆದಿಡುತ್ತಿದ್ದರು. ಕೇರಳದವರು ಬಂದರೆ ಅಪ್ಪನ ಮಲಯಾಳ ಹೊರಗೆ ಬರುತ್ತಿತ್ತು. ಅದನ್ನು ಕೇಳಿ ರೋಗಿಯ ಕಡೆಯವರೂ ನಗಬೇಕು, ಹಾಗಿತ್ತು.

ಕೆಲವರು ರೈಲಿನಲ್ಲಿ ಬಂದು ಸುಸ್ತಾಗಿ ಅಂಗಡಿಯ ಬೆಂಚಿನಲ್ಲಿ ಕೂರುತ್ತಿದ್ದರು. ಈಗಿನ ಮಂಗಳೂರು ಜಂಕ್ಷನ್ ಇದೆಯಲ್ಲ, ಅದರ ಹೆಸರು ಮೊದಲು ಕಂಕನಾಡಿ ಸ್ಟೇಷನ್. ಕಂಕನಾಡಿಯಲ್ಲಿ ಇಳಿದರೆ ಆಸ್ಪತ್ರೆ ಎದುರಿಗೇ ಅಂದುಕೊಂಡು ಪಡೀಲಿನಲ್ಲಿ ಇಳಿದು, ಅಲ್ಲಿಂದ ರಿಕ್ಷಾ ಮಾಡಿಕೊಂಡು ಬಂದವರು. ರೈಲ್ವೆಯವರಿಗೆ ಬೈಯುವುದಕ್ಕೆ ನಮ್ಮ ಬೆಂಚು ಒಳ್ಳೆಯ ಜಾಗವಾಗಿತ್ತು.

ನಾನು ಸಣ್ಣವಳಿದ್ದಾಗ, ಅಂದರೆ ತೊಂಬತ್ತರ ದಶಕದಲ್ಲಿ, ಪೇಟೆಗೆ ಹೋಗುವುದು ಎಂದರೆ ಹಂಪನಕಟ್ಟೆ. ಶಾಲೆ ಶುರುವಾಗುವ ಮೊದಲು ಚಪ್ಪಲಿ, ಕೊಡೆ, ಪುಸ್ತಕ. ವರ್ಷಕ್ಕೆ ಒಂದೋ ಎರಡೋ ಸಲ ಲಾಲ್‌ಬಾಗಿಗೆ ಹೋಗಿ ಸಾಯಿಬೀನ್ ಕಾಂಪ್ಲೆಕ್ಸ್ ಸುತ್ತಿ, ಪಬ್ಬಾಸ್‌ನಲ್ಲಿ ಗಡ್‌ಬಡ್ ತಿಂದು ಬರುವುದು. ಸಾಯಿಬೀನ್‌ನಲ್ಲಿ ನಾವು ಏನಾದರೂ ತೆಗೆದುಕೊಂಡ ನೆನಪು ನನಗಿಲ್ಲ. ಒಂದೇ ಕಟ್ಟಡದಲ್ಲಿ ಅಷ್ಟು ಅಂಗಡಿಗಳ ಗಾಜು ನೋಡುವುದೇ ಖುಷಿ. ಆಗ ಅದಕ್ಕೆ ಯಾರೂ ಮಾಲ್ ಅನ್ನುತ್ತಿರಲಿಲ್ಲ, ಕಾಂಪ್ಲೆಕ್ಸ್ ಅಷ್ಟೆ.

ಭಾರತ್ ಮಾಲ್ ನೋಡಿದ್ದು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ. ಬಿಜೈಯ ಕೆಎಸ್ಸಾರ್ಟಿಸಿ ಬಸ್‌ಸ್ಟ್ಯಾಂಡಿನ ಎದುರು. ಒಳಗೆ ಬಿಗ್ ಬಜಾರ್, ಮೇಲೆ ಮಲ್ಟಿಪ್ಲೆಕ್ಸ್. ಅಲ್ಲಿಯವರೆಗೆ ನಮಗೆ ಸಿನಿಮಾ ಎಂದರೆ ಜ್ಯೋತಿ, ಸುಚಿತ್ರಾ, ಪ್ರಭಾತ್. ಮಲ್ಟಿಪ್ಲೆಕ್ಸಿನ ಟಿಕೆಟಿಗೆ ದುಡ್ಡು ಸಾಲುತ್ತಿರಲಿಲ್ಲ, ಹಾಗಾಗಿ ಎಸ್ಕಲೇಟರಿನಲ್ಲಿ ಮೇಲೆ ಹೋಗಿ, ಪೋಸ್ಟರ್ ನೋಡಿ, ಕೆಳಗೆ ಬರುವುದು. ಬೇಸಿಗೆಯ ಮಧ್ಯಾಹ್ನ ಕಾಲೇಜು ಬಿಟ್ಟು ಅಷ್ಟು ಮಾಡಿದರೆ ಬೆವರು ಆರುತ್ತಿತ್ತು.

ಭಾರತ್ ಬೀಡಿಯ ಬಳಗದವರೇ ಆ ಮಾಲ್ ಕಟ್ಟಿದ್ದು ಅಂತ ಗೊತ್ತಾದ ಮೇಲೆ ಅಪ್ಪನಿಗೆ ಒಂದು ಜೋಕ್ ಸಿಕ್ಕಿತು. ‘ಎಷ್ಟು ವರ್ಷ ಕಟ್ಟು ಕಟ್ಟು ಬೀಡಿ ಮಾರಿದ್ದೇನೆ. ಅದರ ಎರಡು ಕಲ್ಲಾದರೂ ನಮ್ಮ ಅಂಗಡಿಯದ್ದು’ ಅನ್ನುತ್ತಿದ್ದರು. ನಮ್ಮ ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಿದ್ದರು. ಅವರು, ‘ಹಾಗಾದ್ರೆ ನನ್ನದೊಂದು ಗೋಡೆಯೇ ಇರಬೇಕು’ ಅಂದರು.

ನಗುತ್ತಿದ್ದರೂ ಅಂಗಡಿಯಲ್ಲಿ ವ್ಯತ್ಯಾಸ ಕಾಣಲು ಶುರುವಾಗಿತ್ತು. ಗಿರಾಕಿಗಳು ಕಡಿಮೆ ಆಗಲಿಲ್ಲ. ಕಡಿಮೆ ಆದದ್ದು ಚೀಟಿ. ತಿಂಗಳ ಒಂದನೇ ತಾರೀಕಿನ ಆಚೆ ಈಚೆ ಸಂಬಳದವರು ಉದ್ದದ ಚೀಟಿ ಕೊಟ್ಟು ಹೋಗುವುದು, ಅಪ್ಪ ಕಟ್ಟಿಡುವುದು, ಸಂಜೆ ದುಡ್ಡು ಕೊಟ್ಟು ಒಯ್ಯುವುದು ರೂಢಿ. ಆ ಒಟ್ಟು ದುಡ್ಡಿನಲ್ಲೇ ಅಪ್ಪ ಬಂದರಿನ ಬಾಕಿ ತೀರಿಸುತ್ತಿದ್ದದ್ದು. ಚೀಟಿಯವರು ಒಬ್ಬೊಬ್ಬರಾಗಿ ಬಿಜೈಗೆ ಹೋದರು. ಅವರೇ ರಾತ್ರಿ ಎಂಟೂವರೆಗೆ ಬಂದು ಒಂದು ಪ್ಯಾಕೆಟ್ ಹಾಲು, ಅರ್ಧ ಡಜನ್ ಮೊಟ್ಟೆ ಕೇಳುತ್ತಿದ್ದರು. ಚಿಲ್ಲರೆ ಇಲ್ಲದಿದ್ದರೆ ‘ಬರೆದಿಡಿ’. ನಗದು ಬಿಜೈಗೆ, ಸಾಲ ಕಂಕನಾಡಿಗೆ. ಇದನ್ನು ಅಪ್ಪ ಯಾರ ಹತ್ತಿರವೂ ಆಡಿಕೊಂಡವರಲ್ಲ. ನಾನು ಬಿ.ಕಾಂ. ಓದುತ್ತಿದ್ದೆ, ಲೆಕ್ಕದ ಪುಸ್ತಕ ನನ್ನ ಕೈಯಲ್ಲೇ ಇತ್ತು, ಹಾಗಾಗಿ ಗೊತ್ತಾಗುತ್ತಿತ್ತು.

ಒಂದು ದಿನ ನಾನೂ ಬಿಗ್ ಬಜಾರಿನಿಂದ ಶಾಂಪೂ, ಎರಡು ಪ್ಯಾಕೆಟ್ ಬಿಸ್ಕೆಟ್ ತಂದು ಬ್ಯಾಗಿನ ಅಡಿಯಲ್ಲಿ ಇಟ್ಟಿದ್ದೆ. ಎರಡೂ ನಮ್ಮ ಅಂಗಡಿಯಲ್ಲಿ ಸಿಗುವಂಥದ್ದೇ! ಅಮ್ಮ ಬಟ್ಟೆ ತೆಗೆಯುವಾಗ ಬಿಲ್ಲು ಸಿಕ್ಕಿತು. ಬೈಗುಳ ಗ್ಯಾರಂಟಿ ಅಂದುಕೊಂಡರೆ, ಅಪ್ಪ ಕನ್ನಡಕ ಹಾಕಿಕೊಂಡು ಬಿಲ್ಲನ್ನು ಪೇಪರ್ ಓದಿದ ಹಾಗೆ ಓದಿದರು. ‘ಸಕ್ಕರೆಗೆ ಎಷ್ಟಿತ್ತು?’ ಅಂತ ಕೇಳಿದರು. ನಾನು ನೋಡಿರಲಿಲ್ಲ. ‘ನೋಡಿಕೊಂಡು ಬಾ’ ಅಂದರು.

ನೋಡಿ ಬಂದು ಹೇಳಿದೆ. ಬಂದರಿನಲ್ಲಿ ಅಪ್ಪನಿಗೆ ಮೂಟೆ ಲೆಕ್ಕದಲ್ಲಿ ಸಿಗುವ ದರಕ್ಕಿಂತ ಕಡಿಮೆ! ಅಪ್ಪನಿಗೆ ಸಿಟ್ಟು ಬರಲಿಲ್ಲ, ಸಂತೋಷವೇ ಆದ ಹಾಗಿತ್ತು. ‘ಸಕ್ಕರೆಯಲ್ಲಿ ಯಾರಿಗೂ ಲಾಭ ಇಲ್ಲ ಮಗಾ. ಸಕ್ಕರೆಗೆ ಅಂತ ಬಂದವರು ಬೇರೆ ನಾಲ್ಕು ತಗೊಳ್ತಾರೆ. ನಾನೂ ಮಾಡುವುದು ಅದೇ. ಅವರು ದೊಡ್ಡದಾಗಿ ಮಾಡಿದ್ದಾರೆ ಅಷ್ಟೆ’ ಅಂದರು. ಕಾಲೇಜಿನಲ್ಲಿ ಇದನ್ನೇ ಒಂದು ಇಡೀ ಪಾಠ ಮಾಡಿದ್ದರು.

ಈಗ ನಾನು ಬರೆಯಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ.

ಬಿಗ್ ಬಜಾರಿನವರು 2006ರಿಂದ ಜನವರಿ 26ಕ್ಕೆ ‘ಸಬ್‌ಸೆ ಸಸ್ತಾ ದಿನ್’ ಅಂತ ಮಾಡುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ದೇಶವಿಡೀ ಜನ ಮುಗಿಬೀಳುತ್ತಿದ್ದರು. ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ ಆ ದಿನ ಮೂವರು ಗೆಳತಿಯರ ಜೊತೆ ಹೋಗಿದ್ದೆ. ಧ್ವಜಾರೋಹಣ ಮುಗಿಸಿ ಬಿಳಿ ಚೂಡಿದಾರದಲ್ಲೇ ಹೋದದ್ದು. ಒಳಗೆ ಕಾಲಿಡಲು ಜಾಗ ಇಲ್ಲ. ಗೆಳತಿಯರು ಖಾಲಿ ಟ್ರಾಲಿ ಹಿಡಿದು ಸುಮ್ಮನೆ ಓಡಾಡುತ್ತಿದ್ದರು.

ಬಿಲ್ಲಿಂಗಿನ ಸಾಲಿನಲ್ಲಿ ಅಪ್ಪ ನಿಂತಿದ್ದರು.

ಅಂಗಡಿಯಲ್ಲಿ ಉಡುವ ಅದೇ ಮುಂಡು, ಅರ್ಧ ತೋಳಿನ ಅಂಗಿ. ಎದುರಿನ ಟ್ರಾಲಿ ತುಂಬಾ ಎಣ್ಣೆ ಪ್ಯಾಕೆಟು, ಸಕ್ಕರೆ, ಸೋಪಿನ ಪುಡಿ. ಮನೆಗಲ್ಲ, ಅಂಗಡಿಗೆ! ಅಲ್ಲಿಂದ ಕೊಂಡು ಇಲ್ಲಿ ಮಾರಲು. ಹಾಗೆ ಮಾಡಿದ ಅಂಗಡಿಯವರು ಆ ಸಾಲಿನಲ್ಲಿ ಇನ್ನೂ ಇದ್ದರು, ನನಗೇ ಇಬ್ಬರ ಗುರುತಿತ್ತು. ಹಿಂದಿನಿಂದ ಯಾರೋ ದೂಡುತ್ತಿದ್ದರು. ಅಪ್ಪ ಒಂದು ಕೈಯಲ್ಲಿ ಮುಂಡು ಹಿಡಿದು ಇನ್ನೊಂದು ಕೈಯಲ್ಲಿ ಟ್ರಾಲಿ ಹಿಡಿದಿದ್ದರು.

ನನ್ನ ಗೆಳತಿಯರಿಗೆ ಅಪ್ಪನ ಗುರುತಿರಲಿಲ್ಲ. ನಾನು ಹೋಗಿ ಟ್ರಾಲಿ ಹಿಡಿದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ನೇತುಹಾಕಿದ್ದ ನೈಟಿಗಳ ಸ್ಟ್ಯಾಂಡಿನ ಹಿಂದೆ ಹೋಗಿ ನಿಂತೆ. ಎಷ್ಟು ಹೊತ್ತು ಅಂತ ನೆನಪಿಲ್ಲ. ಅಪ್ಪನ ಬಿಲ್ಲಾಗಿ, ಅವರು ಮೂರು ಚೀಲ ಎರಡು ಕೈಯಲ್ಲಿ ಹೊಂದಿಸಿಕೊಂಡು ಬಸ್‌ಸ್ಟಾಪಿನ ಕಡೆ ಹೋಗುವವರೆಗೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಮ್ಮನ ಹತ್ತಿರ ಹೇಳಿದರು: ‘ಇವತ್ತು ಬಿಜೈಯಲ್ಲಿ ಕಾಲೇಜಿನ ಹುಡುಗಿಯರು ಕೆಲವರು ಬಂದಿದ್ದರು. ಟ್ರಾಲಿ ದೂಡಲು ಬರುವುದೇ ಇಲ್ಲ ಅವರಿಗೆ. ಜನರ ಕಾಲಿಗೆ ತಾಗಿಸ್ತಾರೆ.’ ಅಷ್ಟೇ. ನನ್ನ ಕಡೆ ನೋಡಲಿಲ್ಲ. ಅಪ್ಪ ಅವರನ್ನು ಮಾತ್ರ ನೋಡಿದ್ದೋ, ನನ್ನನ್ನೂ ನೋಡಿದ್ದೋ? ಕೇಳುವ ಧೈರ್ಯ ನನಗಾಗಲಿಲ್ಲ.

ಆಮೇಲಿನದ್ದು ಬೇಗ ಹೇಳುತ್ತೇನೆ. 2010ರಲ್ಲಿ ಕೆ.ಎಸ್. ರಾವ್ ರಸ್ತೆಯಲ್ಲಿ ಸಿಟಿ ಸೆಂಟರ್ ಬಂತು. ನನಗೆ ಹತ್ತಿರದಲ್ಲೇ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ, ಅಪ್ಪನಿಗೆ ಅಂಗಿ ಅಲ್ಲಿಂದಲೇ. ಅಮ್ಮ ಎಸ್ಕಲೇಟರ್ ಹತ್ತಲು ಹೆದರಿ ಕೆಳಗೆ ನಿಂತು, ‘ನೀವು ಹೋಗಿ ಬನ್ನಿ, ನಾನು ಇಲ್ಲೇ ನೋಡ್ತೇನೆ’ ಅಂದಿದ್ದರು. 2014ರಲ್ಲಿ ಪಾಂಡೇಶ್ವರದಲ್ಲಿ ಫೋರಂ ಫಿಜಾ ತೆರೆಯಿತು. ಈಗ ಅದರ ಬೋರ್ಡು ಫಿಜಾ ಬೈ ನೆಕ್ಸಸ್. ಅದೇ ವರ್ಷ ನವೆಂಬರ್ 1ರಿಂದ ಊರಿನ ಹೆಸರು ಇಂಗ್ಲಿಷಿನಲ್ಲೂ ಮಂಗಳೂರು ಆಯಿತು. ಕಂಕನಾಡಿಯವರಿಗೆ ಅಷ್ಟರಲ್ಲಿ ಪಂಪ್‌ವೆಲ್ ಫ್ಲೈಓವರ್ ಎಂಬ ದೊಡ್ಡ ಕಾಮಿಡಿ ಶುರುವಾಗಿತ್ತು. ಅದು ಮುಗಿಯುವುದರೊಳಗೆ ಎಷ್ಟು ಮೀಮ್ ಬಂತು ಅಂತ ನಿಮಗೇ ಗೊತ್ತು. 2020ರ ಜನವರಿಯಲ್ಲಿ ಅಂತೂ ಉದ್ಘಾಟನೆಯಾಯಿತು.

ಅದಾಗಿ ಎರಡು ತಿಂಗಳಿಗೆ ಲಾಕ್‌ಡೌನ್. ಮಾಲುಗಳು ಮಾರ್ಚ್‌ನಲ್ಲಿ ಮುಚ್ಚಿದ್ದು ಮತ್ತೆ ತೆರೆಯಲು ಅವಕಾಶ ಸಿಕ್ಕಿದ್ದು ಜೂನ್ 8ಕ್ಕೆ. ಅಪ್ಪನ ಅಂಗಡಿ ಮಾತ್ರ ಬೆಳಗ್ಗೆ ಹೊತ್ತು ತೆರೆದಿರುತ್ತಿತ್ತು. ಹತ್ತು ವರ್ಷ ಕಾಣದ ಚೀಟಿಗಳು ವಾಟ್ಸ್ಯಾಪಿನಲ್ಲಿ ಬಂದವು. ನನಗೆ ವರ್ಕ್ ಫ್ರಂ ಹೋಮ್ ಇತ್ತು, ಮಾಸ್ಕ್ ಹಾಕಿಕೊಂಡು ಹೋಗಿ ಕಟ್ಟಿಕೊಡುತ್ತಿದ್ದೆ. ಅಪ್ಪ ಒಬ್ಬರಿಗೂ ಒಂದು ರೂಪಾಯಿ ಹೆಚ್ಚು ಹಾಕಲಿಲ್ಲ. ‘ಇವರೆಲ್ಲ ಬಿಟ್ಟು ಹೋದವರಲ್ವಾ?’ ಅಂತ ನಾನು ಗೊಣಗಿದರೆ, ‘ಬಿಟ್ಟು ಹೋದದ್ದೆಂತ, ದಾರಿ ಬದಲಾಯಿಸಿದ್ದು’ ಅಂದರು.

ಮಾರನೇ ವರ್ಷ ಅಂಗಡಿ ಮುಚ್ಚಿದೆವು. ಮಾಲ್‌ನಿಂದ ಮುಚ್ಚಿತು ಅಂತ ನೆಂಟರಲ್ಲಿ ಹೇಳುವುದು ಸುಲಭ, ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಮಾಲ್‌ನ ಎದುರು ಅದು ಹದಿನೈದು ವರ್ಷ ಹತ್ತಿರ ಹತ್ತಿರ ನಿಂತಿತ್ತಲ್ಲ. ಅಪ್ಪನ ಮಂಡಿ ಕೇಳಲಿಲ್ಲ. ಅಣ್ಣ ದುಬೈಯಲ್ಲಿ, ನಾನು ಆಫೀಸಿನಲ್ಲಿ. ‘ಯಾರಾದರೂ ಕೂರ್ತೀರಾ?’ ಅಂತ ಅಪ್ಪ ಎರಡು ಸಲ ಕೇಳಿದ್ದರು. ಎರಡೂ ಸಲ ನಾವು ಬೇರೆ ಮಾತು ತೆಗೆದೆವು.

2022ರಲ್ಲಿ ಬಿಗ್ ಬಜಾರ್ ಸಾಲದಲ್ಲಿ ಮುಳುಗಿ ಅಂಗಡಿಗಳು ರಿಲಯನ್ಸ್ ಪಾಲಾದ ಸುದ್ದಿ ಪೇಪರಿನಲ್ಲಿ ಬಂದಾಗ ಅಪ್ಪನಿಗೆ ಖುಷಿಯಾಗಬಹುದು ಅಂತ ಓದಿ ಹೇಳಿದೆ. ‘ಪಾಪ, ಅವರೂ ಬರೆದಿಟ್ಟದ್ದು ಜಾಸ್ತಿ ಆಯ್ತಾ?’ ಅಂದರು.

ಕಳೆದ ತಿಂಗಳು ಒಂದು ಭಾನುವಾರ ಮಗಳ ಹಠಕ್ಕೆ ಎಲ್ಲರೂ ಪಾಂಡೇಶ್ವರಕ್ಕೆ ಹೋದೆವು. ಅಪ್ಪನನ್ನು ಒಂದು ಬೆಂಚಿನಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವರು, ‘ನಲವತ್ತು ಜನ ಹೋದರು. ಚೀಲ ಇದ್ದದ್ದು ಆರು ಜನರ ಕೈಯಲ್ಲಿ’ ಅಂದರು. ನೋಡುತ್ತಾ ಎಣಿಸಿದ್ದಾರೆ! ‘ಮತ್ತೆ ಇವರೆಲ್ಲ ಎಂತಕ್ಕೆ ಬರುವುದು?’ ಅಂತ ಕೇಳಿದೆ. ‘ಸುಮ್ಮನೆ. ನಮ್ಮಲ್ಲಿಗೂ ಬರ್ತಿದ್ದರಲ್ಲ. ಬೆಂಚಿತ್ತು.’

ಅಷ್ಟರಲ್ಲಿ ಮಗಳು ಬಾಡಿಗೆಯ ಸಣ್ಣ ಕಾರಿನಲ್ಲಿ ಕೂತು ಬಂದು ಯಾರದ್ದೋ ಕಾಲಿಗೆ ಗುದ್ದಿದಳು. ನಾನು ಓಡಿಹೋಗಿ ಸಾರಿ ಕೇಳಿ ವಾಪಸ್ ಬಂದೆ. ಅಪ್ಪ ನಗುತ್ತಿದ್ದರು. ಆ ನಗು ನೋಡಿ, ಇಷ್ಟು ವರ್ಷ ಬಾಯಿಗೆ ಬರದ ಮಾತು ಬಂತು. ‘ಅಪ್ಪ, ಅವತ್ತು ಬಿಜೈಯಲ್ಲಿ, ಜನವರಿ 26ಕ್ಕೆ, ನಾನೂ ಇದ್ದೆ.’

‘ಗೊತ್ತುಂಟು’ ಅಂದರು. ‘ನೈಟಿಯ ಅಡಿಯಲ್ಲಿ ಚಪ್ಪಲಿ ಕಾಣ್ತಿತ್ತು. ಹಂಪನಕಟ್ಟೆಯಲ್ಲಿ ನಾನೇ ತೆಗೆಸಿಕೊಟ್ಟದ್ದಲ್ವಾ ಅದು?’